ಗೃಹಧರ್ಮ: ಸಾಕಿದ ಪ್ರಾಣಿಯ ಬಾಯಿಯನ್ನೂ ನೋಡಿರಿ



ಎತ್ತಿನ ವ್ಯಾಪಾರಕ್ಕೆ ನಿಂತ ರೈತನು ಮೊದಲು ನೋಡುವುದು ಅದರ ಬಾಯಿಯನ್ನು. ಮೈಬಣ್ಣ, ಕೊಂಬು, ಸುಳಿ ಇವೆಲ್ಲ ಆಮೇಲಿನ ಮಾತು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ದನಕರು ಕಟ್ಟಿದ ಹಿರಿಯರನ್ನು ಕರೆತಂದು ನಿಲ್ಲಿಸಿರಿ. ಅವರು ಎತ್ತಿನ ಕೆಳತುಟಿಯನ್ನು ಹೆಬ್ಬೆರಳಿನಿಂದ ಸರಿಸಿ ಒಂದು ಕ್ಷಣ ನೋಡಿ, ಇದು ಎರಡು ಹಲ್ಲಿನದು, ಇದು ನಾಲ್ಕು ಹಲ್ಲಿನದು, ಇದು ಬಾಯಿಗೂಡಿದ್ದು ಎಂದು ಹೇಳಿಬಿಡುತ್ತಾರೆ. ಪುಸ್ತಕವಿಲ್ಲದೆ ಕೈಯಿಂದ ಕೈಗೆ ಬಂದ ಈ ವಿದ್ಯೆ ಸಾಮಾನ್ಯವಾದುದಲ್ಲ. ಆದರೆ ಕೊಳ್ಳುವ ದಿನ ನೋಡಿದ ಆ ಬಾಯಿಯನ್ನು ನಾವು ಮತ್ತೆ ನೋಡುವುದು ಬಹುತೇಕ ಮಾರುವ ದಿನವೇ. ಇನ್ನು ಅದೇ ಮನೆಯ ಬಾಗಿಲಲ್ಲಿ ಹತ್ತು ಹನ್ನೆರಡು ವರ್ಷ ಮಲಗಿ ಕಾಯುವ ನಾಯಿಯ ಬಾಯಿಯನ್ನಂತೂ ಯಾರೂ ನೋಡುವುದಿಲ್ಲ. ಅದಕ್ಕೆ ಬೆಲೆ ಕಟ್ಟುವ ಪ್ರಸಂಗವೇ ಬರುವುದಿಲ್ಲವಲ್ಲ!

ಬಾಯಿ ನೋಡುವುದು ಕೊಳ್ಳುವ ದಿನದ ಕೆಲಸವೆಂದು ತಿಳಿಯದೆ, ಸಾಕುವ ದಿನಗಳ ಕೆಲಸವೆಂದು ತಿಳಿಯಬೇಕು. ಈ ತಿಂಗಳು ಓದುಗರ ಮುಂದಿಡಬೇಕಾದ ಮಾತು ಇದೊಂದೇ. ಹಲ್ಲುನೋವಿನಿಂದ ಒಂದು ರಾತ್ರಿ ನಿದ್ದೆಗೆಟ್ಟವರಿಗೆ ಆ ಸಂಕಟ ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ನಾವು ಕೆನ್ನೆ ಹಿಡಿದು ನರಳುತ್ತೇವೆ, ವೈದ್ಯರಲ್ಲಿಗೆ ಓಡುತ್ತೇವೆ. ಮೂಕಪ್ರಾಣಿ ಏನು ಮಾಡಬೇಕು? ಅದು ನೋವನ್ನು ನುಂಗಿಕೊಂಡು ಎಂದಿನಂತೆ ಬಾಲ ಅಲ್ಲಾಡಿಸುತ್ತದೆ, ಒಂದೇ ಮಗ್ಗುಲಿನಿಂದ ಅಗಿಯುತ್ತದೆ. 'ನಾಯಿಗೆ ವಯಸ್ಸಾಯಿತು, ತಿನ್ನುವುದು ಕಡಿಮೆಯಾಯಿತು' ಎಂದು ನಾವು ಸುಮ್ಮನಾಗುತ್ತೇವೆ. ಶರಣರ ಕಥೆಗಳಲ್ಲಿ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಪ್ರಸಂಗವಿದೆ. ಅಂಥ ಪವಾಡ ನಮ್ಮಿಂದಾಗದು. ಆ ಬಾಯಿ ನೋಯದಂತೆ ನೋಡಿಕೊಳ್ಳುವುದಾದರೂ ನಮ್ಮಿಂದ ಆಗಬೇಕಲ್ಲವೆ?

ಹಲ್ಲುಗಳ ಲೆಕ್ಕ

ಮೊದಲು ಯಾವ ಪ್ರಾಣಿಗೆ ಎಷ್ಟು ಹಲ್ಲು ಎಂಬುದನ್ನು ತಿಳಿದಿರಬೇಕು. ನಾಯಿಮರಿಗೆ 28 ಹಾಲುಹಲ್ಲುಗಳು. ಮೂರೂವರೆ ನಾಲ್ಕು ತಿಂಗಳಿಗೆ ಅವು ಬೀಳಲು ತೊಡಗಿ, ಆರೇಳು ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ಬೆಕ್ಕಿಗೆ ಹಾಲುಹಲ್ಲು 26, ಶಾಶ್ವತ ಹಲ್ಲು 30. ಆರೇಳು ತಿಂಗಳಾದ ಮೇಲೂ ಹಾಲುಹಲ್ಲಿನ ಕೋರೆ ಬೀಳದೆ ಹೊಸ ಕೋರೆಯ ಪಕ್ಕದಲ್ಲೇ ನಿಂತಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಎರಡು ಹಲ್ಲುಗಳ ಸಂದಿಯಲ್ಲಿ ಕೂಳು ಸಿಕ್ಕಿ ಕೊಳೆಯುವುದಲ್ಲದೆ, ಹೊಸ ಹಲ್ಲು ಸೊಟ್ಟಗೆ ಬೆಳೆಯುತ್ತದೆ.

ಆಕಳು ಎತ್ತುಗಳಿಗೆ ಶಾಶ್ವತ ಹಲ್ಲುಗಳು 32. ಮುಂದಿನ ಎಂಟು ಹಲ್ಲುಗಳು ಇರುವುದು ಕೆಳದವಡೆಯಲ್ಲಿ ಮಾತ್ರ. ಮೇಲೆ ಮುಂಭಾಗದಲ್ಲಿ ಹಲ್ಲಿನ ಬದಲು ಗಟ್ಟಿಯಾದ ವಸಡಿನ ದಿಂಬು ಇರುತ್ತದೆ. ಹೊಸದಾಗಿ ಆಕಳು ಕಟ್ಟಿದವರು ಮೇಲಿನ ಹಲ್ಲು ಉದುರಿವೆಯೆಂದು ಗಾಬರಿಯಾಗಬೇಕಾಗಿಲ್ಲ, ಅದು ಸೃಷ್ಟಿಯ ಕ್ರಮವೇ ಹೌದು. ಸುಮಾರು ಎರಡು ವರ್ಷಕ್ಕೆ ಮೊದಲ ಜೊತೆ ಹಲ್ಲು ಹುಟ್ಟಿ, ಮುಂದೆ ಒಂದೊಂದು ಜೊತೆಯಾಗಿ ನಾಲ್ಕು, ನಾಲ್ಕೂವರೆ ವರ್ಷದ ಹೊತ್ತಿಗೆ ಎಂಟೂ ತುಂಬಿ ಬಾಯಿಗೂಡುತ್ತದೆ. ದೇವಣಿ, ಖಿಲಾರಿಯಂಥ ನಾಡತಳಿಗಳಲ್ಲಿ ಇದು ಕೆಲವು ತಿಂಗಳು ತಡವಾಗುವುದುಂಟು.

ಕಿಟ್ಟ ಕಟ್ಟುವ ಬಗೆ

ನಾಯಿಯ ಬಾಯಿ ನಾರುವುದು ಸ್ವಾಭಾವಿಕವೆಂದು ಬಹಳ ಜನ ಭಾವಿಸಿದ್ದಾರೆ. ಇದು ತಪ್ಪು ತಿಳಿವಳಿಕೆ. ಆರೋಗ್ಯವಾದ ನಾಯಿಯ ಬಾಯಿಗೆ ಎದುರಿಗೆ ಕುಳಿತವನು ಮುಖ ತಿರುಗಿಸುವಷ್ಟು ದುರ್ವಾಸನೆ ಇರುವುದಿಲ್ಲ. ಉಂಡ ನಂತರ ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಅಂಟುಪೊರೆ ಕೂಡುತ್ತದೆ. ಸೂಕ್ಷ್ಮಜೀವಿಗಳು ತುಂಬಿದ ಈ ಪಾಚಿಯನ್ನು ಅಂದಂದೇ ಒರೆಸಿದರೆ ಸುಲಭವಾಗಿ ಹೋಗುತ್ತದೆ. ಎರಡು ಮೂರು ದಿನ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದಂಶ ಅದರೊಡನೆ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದೇ ಕಿಟ್ಟ. ಒಮ್ಮೆ ಕಿಟ್ಟವಾದ ಮೇಲೆ ಬಟ್ಟೆಗೂ ಬ್ರಷ್ಷಿಗೂ ಅದು ಬಗ್ಗುವುದಿಲ್ಲ.

ಕಿಟ್ಟವು ವಸಡಿನ ಅಂಚಿಗೆ ಒತ್ತಿದಂತೆ ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಈ ಹಂತದವರೆಗೆ ಶುಚಿಗೊಳಿಸಿದರೆ ವಸಡು ಮೊದಲಿನಂತಾಗುತ್ತದೆ. ಇದನ್ನು ದಾಟಿ ಹಲ್ಲಿನ ಬುಡದ ಎಲುಬು ಸವೆಯತೊಡಗಿದರೆ, ಹೋದ ಎಲುಬು ಮರಳಿ ಬಾರದು. ಹಲ್ಲು ಅಲುಗಾಡಿ ಬೀಳುತ್ತದೆ. ಬಾಯಿಯ ಸೂಕ್ಷ್ಮಜೀವಿಗಳು ರಕ್ತಕ್ಕೂ ಸೇರುತ್ತವೆ. ಮೂರು ವರ್ಷ ತುಂಬುವಷ್ಟರಲ್ಲಿ ಬಹುಪಾಲು ನಾಯಿಗಳಲ್ಲಿ ಈ ವಸಡಿನ ಬೇನೆ ಯಾವುದೋ ಒಂದು ಮಟ್ಟದಲ್ಲಿ ಆರಂಭವಾಗಿರುತ್ತದೆಂದು ಪಶುವೈದ್ಯರು ಹೇಳುತ್ತಾರೆ. ಪೊಮೆರೇನಿಯನ್‌ನಂಥ ಸಣ್ಣ ತಳಿಗಳಿಗೆ ಕಿರಿದಾದ ದವಡೆಯಲ್ಲಿ ಹಲ್ಲುಗಳು ಇಕ್ಕಟ್ಟಾಗಿ ನಿಲ್ಲುವುದರಿಂದ ತೊಂದರೆ ಇನ್ನೂ ಬೇಗ. 2005ರಲ್ಲಿ ಅಂಚೆಚೀಟಿಯ ಮೇಲೆ ಮೆರೆದ ನಮ್ಮ ಮುಧೋಳದ ಬೇಟೆನಾಯಿಯೂ, ಬೀದಿಯಿಂದ ತಂದು ಸಾಕಿದ ನಾಡನಾಯಿಯೂ ಇದಕ್ಕೆ ಹೊರತಲ್ಲ.

ನಮ್ಮ ಮನೆಗಳ ಊಟದ ವಿಚಾರವನ್ನೂ ಇಲ್ಲಿ ಹೇಳಬೇಕು. ಶಾಕಾಹಾರಿ ಮನೆಯ ನಾಯಿಗೆ ದೊರೆಯುವುದು ಹಾಲಿನಲ್ಲಿ ನೆನೆಸಿದ ರೊಟ್ಟಿ, ಇಲ್ಲವೆ ಅನ್ನ. ಮೆತ್ತನೆಯ ಈ ಕೂಳು ಹಲ್ಲಿನ ಬುಡಕ್ಕೆ ಅಂಟಿಕೊಳ್ಳುತ್ತದೆ. ಜೋಳದ ಖಡಕ್ ರೊಟ್ಟಿ ಹಾಕಿದರೆ ಹಲ್ಲು ತಾನೇ ಶುಚಿಯಾಗುತ್ತದೆಂದು ಕೆಲವರು ನಂಬುತ್ತಾರೆ. ಖಡಕ್ ರೊಟ್ಟಿ ಹಲ್ಲಿನ ತುದಿಗೆ ತಾಗಿದೊಡನೆ ಮುರಿದು ಪುಡಿಯಾಗುವುದರಿಂದ ವಸಡಿನ ಅಂಚನ್ನು ಅದು ಉಜ್ಜಲಾರದು. ಆದ್ದರಿಂದ ಯಾವ ಊಟ ಹಾಕಿದರೂ ಕೈಯಿಂದ ಒರೆಸುವ ಕೆಲಸ ತಪ್ಪದು.

ಹಲ್ಲು ತಿಕ್ಕುವ ಕ್ರಮ

ಇದು ಕಷ್ಟದ ಕೆಲಸವೇನಲ್ಲ, ಆದರೆ ಅವಸರದ ಕೆಲಸವೂ ಅಲ್ಲ. ಮರಿಯಿದ್ದಾಗಲೇ ರೂಢಿ ಮಾಡಿದರೆ ಉತ್ತಮ. ಬೆಳೆದ ನಾಯಿಯಾದರೆ ಮೂರು ವಾರದ ಸಹನೆ ಬೇಕು.

ಮೊದಲ ವಾರ: ಪ್ರತಿದಿನ ಸಂಜೆ ಊಟವಾದ ಮೇಲೆ ನಾಯಿಯನ್ನು ಹತ್ತಿರ ಕೂಡ್ರಿಸಿಕೊಂಡು ಕೆನ್ನೆ, ತುಟಿ ಸವರಬೇಕು. ತುಟಿಯನ್ನು ಮೆಲ್ಲಗೆ ಎತ್ತಿ ಹಲ್ಲು ನೋಡಿ ಬಿಡಬೇಕು. ಇಷ್ಟಕ್ಕೇ ನಿಲ್ಲಿಸಿ ಮೆಚ್ಚುಗೆಯ ಮಾತಾಡಬೇಕು.

ಎರಡನೆಯ ವಾರ: ಹಳೆಯ ಪಂಚೆಯ ಮೆತ್ತನೆಯ, ಒಗೆದ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ, ನೀರಿನಲ್ಲಿ ಅದ್ದಿ, ಹಲ್ಲಿನ ಹೊರಮೈಯನ್ನು ಒರೆಸಬೇಕು.

ಮೂರನೆಯ ವಾರ: ಚಿಕ್ಕ ಮಕ್ಕಳ ಮೆತ್ತನೆಯ ಬ್ರಷ್ಷನ್ನು ಬಳಸಬಹುದು. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣ ಸಣ್ಣ ಸುತ್ತುಗಳಲ್ಲಿ ಆಡಿಸಬೇಕು. ಬಾಯಿಯನ್ನು ಬಲವಂತವಾಗಿ ತೆರೆಯುವ ಅಗತ್ಯವಿಲ್ಲ. ತುಟಿ ಎತ್ತಿದರೆ ಸಾಕು. ಒಳಮೈಯನ್ನು ನಾಲಿಗೆಯೇ ಬಹುಮಟ್ಟಿಗೆ ಒರೆಸಿಕೊಳ್ಳುತ್ತದೆ. ಹೆಚ್ಚು ಗಮನ ಬೇಕಾದುದು ಮೇಲ್ದವಡೆಯ ಹಿಂಭಾಗದ ದೊಡ್ಡ ಹಲ್ಲುಗಳಿಗೆ. ಜೊಲ್ಲಿನ ನಾಳ ಅವುಗಳ ಸಮೀಪದಲ್ಲಿ ತೆರೆಯುವುದರಿಂದ ಕಿಟ್ಟ ಮೊದಲು ಕಟ್ಟುವುದು ಅಲ್ಲಿಯೇ.

ನಿತ್ಯ ಎರಡು ನಿಮಿಷ ಸಾಕು. ನಿತ್ಯ ಆಗದಿದ್ದರೆ ದಿನ ಬಿಟ್ಟು ದಿನವಾದರೂ ಮಾಡಬೇಕು. ವಾರಕ್ಕೊಮ್ಮೆ ಮಾಡಿದರೆ ಅಷ್ಟರಲ್ಲಿ ಪಾಚಿ ಕಿಟ್ಟವಾಗಿರುತ್ತದೆ. ನಾಯಿಗಳಿಗೆಂದೇ ಮಾಡಿದ ಪೇಸ್ಟು ಕಲಬುರಗಿಯಂಥ ನಗರದಲ್ಲಿ ಸಿಕ್ಕರೆ ತರಬಹುದು. ಸಿಗದಿದ್ದರೆ ಬರಿಯ ನೀರೇ ಸಾಕು. ಪಾಚಿಯನ್ನು ತೆಗೆಯುವುದು ಉಜ್ಜುವಿಕೆಯೇ ಹೊರತು ಪೇಸ್ಟಿನ ಘಮವಲ್ಲ.

ಬೆಕ್ಕಿಗೂ ಇದೇ ಕ್ರಮ. ಆದರೆ ಬೆಕ್ಕು ನಾಯಿಗಿಂತ ಸೂಕ್ಷ್ಮ, ಅದರ ಸಹನೆ ಅಲ್ಪ. ಬೆರಳಿಗೆ ಸುತ್ತಿದ ಬಟ್ಟೆಯಿಂದ ಅರ್ಧ ನಿಮಿಷ ಒರೆಸಿದರೂ ಲಾಭವೇ. ಬೆಕ್ಕು ತಟ್ಟೆಯ ಬಳಿಗೆ ಹಸಿದು ಬಂದು, ಮೂಸಿ, ತಿನ್ನದೆ ಹಿಂದೆ ಸರಿದರೆ ಬಾಯಿಯ ನೋವನ್ನು ಶಂಕಿಸಬೇಕು.

ಬಾಯಿಗೆ ಹಾಕಬಾರದವು

ಮನುಷ್ಯರ ಪೇಸ್ಟನ್ನು ಪ್ರಾಣಿಗಳಿಗೆ ಹಚ್ಚಲೇಬಾರದು. ನಾವು ಬಾಯಿ ಮುಕ್ಕಳಿಸಿ ಉಗುಳುತ್ತೇವೆ, ನಾಯಿ ಎಲ್ಲವನ್ನೂ ನುಂಗುತ್ತದೆ. ಅದರಲ್ಲಿನ ಫ್ಲೋರೈಡ್, ನೊರೆ ಬರಿಸುವ ಪದಾರ್ಥ ಹೊಟ್ಟೆಗೆ ಒಳ್ಳೆಯದಲ್ಲ. ಕೆಲವು ಪೇಸ್ಟು ಹಾಗೂ ಸಕ್ಕರೆರಹಿತ ಚೂಯಿಂಗ್ ಗಮ್‌ಗಳಲ್ಲಿ ಸಿಹಿಗಾಗಿ ಬೆರೆಸುವ ಕ್ಸೈಲಿಟಾಲ್ ಎಂಬ ಪದಾರ್ಥವಂತೂ ನಾಯಿಗೆ ವಿಷ. ಅದು ರಕ್ತದ ಸಕ್ಕರೆಯನ್ನು ತಟ್ಟನೆ ಇಳಿಸಿ, ಯಕೃತ್ತನ್ನೂ ಕೆಡಿಸಬಲ್ಲದು.

ಹಳ್ಳಿಗಳಲ್ಲಿ ತಂಬಾಕು ಸುಟ್ಟು ಮಾಡಿದ ಪುಡಿಯಿಂದ ಹಲ್ಲು ತಿಕ್ಕುವ ಚಟ ಇನ್ನೂ ಕೆಲವರಲ್ಲಿದೆ. ಅದು ಮನುಷ್ಯನಿಗೇ ಕೇಡು, ಪ್ರಾಣಿಗೆ ಹಚ್ಚುವ ಮಾತಂತೂ ಬೇಡವೇ ಬೇಡ. ಇದ್ದಿಲು, ಇಟ್ಟಿಗೆಪುಡಿ, ಹರಳುಪ್ಪು ಹಲ್ಲಿನ ಮೇಲ್ಪದರವನ್ನು ಗೀರುತ್ತವೆ. ಗೀರಿದ ಹಲ್ಲಿನ ಮೇಲೆ ಪಾಚಿ ಮತ್ತಷ್ಟು ಬೇಗ ಕೂಡುತ್ತದೆ. ಚಾಕು, ಮೊಳೆ, ಸೂಜಿಗಳಿಂದ ಕಿಟ್ಟವನ್ನು ಕೆರೆಯುವುದೂ ಅಪಾಯಕರ. ಮೇಲೆ ಕಾಣುವ ಕಿಟ್ಟ ಹೋದರೂ ವಸಡಿನ ಕೆಳಗಿನದು ಹಾಗೆಯೇ ಉಳಿದು ರೋಗ ಒಳಗೊಳಗೇ ಬೆಳೆಯುತ್ತದೆ. ಕಟ್ಟಿದ ಕಿಟ್ಟವನ್ನು ಪಶುವೈದ್ಯರೇ ಅರಿವಳಿಕೆ ಕೊಟ್ಟು ತೆಗೆಯಬೇಕು.

ಮಕ್ಕಳು ಪ್ರೀತಿಯಿಂದ ಬೆಲ್ಲ, ಹೋಳಿಗೆ, ಪೆಪ್ಪರಮೆಂಟು ಹಾಕುತ್ತಾರೆ. ಇವು ಬೇಡ. ಚಾಕಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಇವು ಹಲ್ಲಿನ ಮಾತಿರಲಿ, ನಾಯಿಯ ಜೀವಕ್ಕೇ ಹಾನಿಕರ. ಕಡಿಯಲು ಏನಾದರೂ ಕೊಡುವುದಾದರೆ ಒಂದು ಗಜ್ಜರಿಯ ತುಂಡು ಕೊಡಬಹುದು. ನಾಯಿ ಕಡಿಯುವ ವಸ್ತುವಿಗೆ ಒಂದು ಪರೀಕ್ಷೆಯಿದೆ. ಹೆಬ್ಬೆರಳಿನ ಉಗುರನ್ನು ಅದಕ್ಕೆ ಒತ್ತಿ ನೋಡಿರಿ. ಗುರುತು ಮೂಡದಿದ್ದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ ಎಂದರ್ಥ. ಹೊಲದಲ್ಲಿ ಬಿದ್ದ ಕೊಂಬು, ಗೊರಸು, ಕಲ್ಲುಗಳನ್ನು ನಾಯಿ ಕಚ್ಚಿಕೊಂಡು ಬಂದರೆ ಬಿಡಿಸಬೇಕು. ಕಲ್ಲು ಎಸೆದು ತರಿಸುವ ಆಟವನ್ನು ಮಕ್ಕಳಿಗೆ ಕಲಿಸಬಾರದು.

ಎತ್ತು, ಆಕಳ ಬಾಯಿ

ದನಗಳ ಹಲ್ಲು ತಿಕ್ಕಬೇಕಾಗಿಲ್ಲ. ಮೇವನ್ನು ಅಗಿದು ಮತ್ತೆ ಮೆಲುಕು ಹಾಕುವ ಅವುಗಳ ಹಲ್ಲಿಗೆ ಕಿಟ್ಟಕ್ಕಿಂತ ಸವೆತದ ಬಾಧೆಯೇ ಹೆಚ್ಚು. ಮಣ್ಣು ಬೆರೆತ ಮೇವಿನಿಂದ ಸವೆತ ಬೇಗ. ವಯಸ್ಸಾದ ಎತ್ತು ಮೆಲುಕು ಹಾಕುವಾಗ ಅಗಿದ ಮೇವಿನ ಉಂಡೆ ಬಾಯಿಂದ ಉದುರಿದರೆ, ಸಗಣಿಯಲ್ಲಿ ಅಗಿಯದ ಕಣಿಕೆಯ ಚೂರು ಉದ್ದುದ್ದವಾಗಿ ಕಂಡರೆ, ಹಲ್ಲು ಸವೆದಿವೆಯೆಂದು ತಿಳಿಯಬೇಕು. ಅಂಥದಕ್ಕೆ ಜೋಳದ ಕಣಿಕೆಯನ್ನು ಸಣ್ಣಗೆ ಕತ್ತರಿಸಿ, ತೊಗರಿಯ ಹೊಟ್ಟಿನೊಡನೆ ನೀರು ಚಿಮುಕಿಸಿ ಮೆತ್ತಗೆ ಮಾಡಿ ಹಾಕಬೇಕು. ವರ್ಷಾನುವರ್ಷ ನಮ್ಮ ತೊಗರಿಯ ಹೊಲ ಹರಗಿದ ಎತ್ತಿಗೆ ಮುಪ್ಪಿನಲ್ಲಿ ಇಷ್ಟಾದರೂ ಸಲ್ಲಬೇಡವೆ?

ಮೇವಿನೊಡನೆ ಬಂದ ಜಾಲಿಮುಳ್ಳು ನಾಲಿಗೆಗೆ, ಕೆನ್ನೆಯ ಒಳಬದಿಗೆ ಚುಚ್ಚಿಕೊಳ್ಳುವುದು ನಮ್ಮ ಭಾಗದಲ್ಲಿ ಅಪರೂಪವಲ್ಲ. ದವಡೆಯ ಎಲುಬಿನ ಮೇಲೆ ಗಟ್ಟಿಯಾದ ಬಾವು ಎದ್ದು ದಿನೇ ದಿನೇ ಬೆಳೆದರೆ ಅದನ್ನು ಸುಡಿಸಲು ಹೋಗದೆ ವೈದ್ಯರಿಗೆ ತೋರಿಸಬೇಕು. ನಾಲಿಗೆ, ವಸಡಿನ ಮೇಲೆ ಬೊಕ್ಕೆಗಳೆದ್ದು ಜೊಲ್ಲು ನೂಲಿನಂತೆ ಸುರಿಯುತ್ತ, ಗೊರಸಿನ ಸಂದಿಯೂ ಹುಣ್ಣಾಗಿ ಕುಂಟಿದರೆ ಅದು ಕಾಲುಬಾಯಿ ಬೇನೆ. ಅಂಥ ದನವನ್ನು ಕೂಡಲೇ ಬೇರೆ ಕಟ್ಟಬೇಕು. ಇದರ ತಡೆಗೆ ಸರ್ಕಾರವು ಆರು ತಿಂಗಳಿಗೊಮ್ಮೆ ಉಚಿತವಾಗಿ ಲಸಿಕೆ ಹಾಕಿಸುವ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಆರಂಭವಾಯಿತು. ಲಸಿಕೆಯವರು ಬಂದ ದಿನ ದನಗಳನ್ನು ಹೊಲಕ್ಕೆ ಹೊಡೆದುಕೊಂಡು ಹೋಗುವ ತಪ್ಪನ್ನು ಯಾರೂ ಮಾಡಬಾರದು.

ಇನ್ನೊಂದು ಸಂಗತಿ ನೀರಿನದು. ನಮ್ಮ ಜಿಲ್ಲೆಯ ಕೆಲವು ಭಾಗಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಮ್ ದಾಟಿದ ನೀರು ಮನುಷ್ಯರು ಕುಡಿಯಲು ಯೋಗ್ಯವಲ್ಲ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಂತೆ ಕರುಗಳ ಹಲ್ಲಿನ ಮೇಲೂ ಸುಣ್ಣದಂಥ, ಕಂದುಬಣ್ಣದ ಕಲೆಗಳು ಮೂಡುತ್ತವೆ, ಹಲ್ಲು ಬೇಗ ಸವೆಯುತ್ತದೆ. ಕರುವಿನ ಬಾಯಲ್ಲಿ ಇಂಥ ಕಲೆ ಕಂಡ ಮನೆಯವರು ತಮ್ಮ ಮಕ್ಕಳು ಕುಡಿಯುವ ನೀರನ್ನೂ ಪರೀಕ್ಷೆಗೆ ಕಳುಹಿಸುವುದು ಲೇಸು. ಪ್ರಾಣಿಯ ಬಾಯಿ ಒಮ್ಮೊಮ್ಮೆ ಮನೆಮಂದಿಗೇ ಎಚ್ಚರಿಕೆ ಹೇಳುತ್ತದೆ.

ಕೈ ಹಾಕಬಾರದ ಬಾಯಿ

ಇಲ್ಲಿಯವರೆಗೆ ಬಾಯಿ ನೋಡಿರಿ ಎಂದು ಹೇಳಿದ್ದಾಯಿತು. ಈಗ ನೋಡಬಾರದ ಬಾಯಿಯ ವಿಷಯ. ಈ ಭಾಗವನ್ನು ಮನೆಯ ಎಲ್ಲರಿಗೂ ಓದಿ ಹೇಳಬೇಕೆಂದು ಪ್ರಾರ್ಥನೆ.

ನಾಯಿಯ ಕೆಳದವಡೆ ಜೋತುಬಿದ್ದು, ಬಾಯಿ ಮುಚ್ಚಲಾರದೆ ಜೊಲ್ಲು ಸುರಿಯುತ್ತಿದ್ದರೆ, ನೀರು ನುಂಗಲಾರದಿದ್ದರೆ, ಧ್ವನಿ ಬದಲಾಗಿದ್ದರೆ, ಸಾಧುವಾದ ನಾಯಿ ಒಮ್ಮೆಲೆ ಮುನಿದರೆ ಅಥವಾ ಮೂಲೆ ಸೇರಿ ಮಂಕಾದರೆ, ಅದನ್ನು ಹಲ್ಲಿನ ಬೇನೆಯೆಂದು ತಿಳಿಯಬಾರದು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಭಾವಿಸಿ ಕೈ ಹಾಕಿ ತಡವುವುದು ಹಳ್ಳಿಗಳಲ್ಲಿ ನಡೆಯುವ ಮಹಾಪ್ರಮಾದ. ಹುಚ್ಚುನಾಯಿ ರೋಗವು ಬೊಗಳಿ ಕಚ್ಚುವ ರೂಪದಲ್ಲಿಯೇ ಬರಬೇಕೆಂದಿಲ್ಲ. ದವಡೆ ಬಿದ್ದುಹೋಗುವ ಮೂಕರೂಪವೂ ಅದಕ್ಕಿದೆ. ಆಕಳು ಎತ್ತುಗಳಿಗೂ ಈ ರೋಗ ತಗುಲುತ್ತದೆ. ಅವು ಮೇವು ಬಿಟ್ಟು ಜೊಲ್ಲು ಸುರಿಸುತ್ತ, ಒಡಕು ಧ್ವನಿಯಲ್ಲಿ ಮತ್ತೆ ಮತ್ತೆ ಕೂಗುತ್ತವೆ. ಆಗಲೂ 'ಗಂಟಲಲ್ಲಿ ಏನೋ ಸಿಕ್ಕಿದೆ' ಎಂದು ಕೈ ಹಾಕುವವರುಂಟು.

ರೋಗದ ಬೀಜ ಇರುವುದು ಜೊಲ್ಲಿನಲ್ಲಿ. ಕೈಯ ಮೇಲಿನ ಸಣ್ಣ ಗೀರು, ಉಗುರಂಚಿನ ಒಡಕು ಸಾಕು, ಅಲ್ಲಿಂದ ಒಳಗೆ ಇಳಿಯುತ್ತದೆ. ಮನುಷ್ಯನಲ್ಲಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದರೆ ಲಕ್ಷಣ ಕಾಣುವ ಮೊದಲು ಚುಚ್ಚುಮದ್ದು ಹಾಕಿಸಿಕೊಂಡರೆ ರಕ್ಷಣೆ ಖಚಿತವೆನ್ನುವಷ್ಟಿದೆ. ಫ್ರಾನ್ಸಿನ ಲೂಯಿ ಪಾಶ್ಚರನು 1885ರಲ್ಲಿ ಒಬ್ಬ ಬಾಲಕನಿಗೆ ಮೊದಲ ಬಾರಿ ಈ ಲಸಿಕೆ ಕೊಟ್ಟು ಜಗತ್ತಿಗೆ ದಾರಿ ತೋರಿದನು. ಅಂದಿನಿಂದ ಇಷ್ಟು ಕಾಲ ಕಳೆದರೂ ನಮ್ಮಲ್ಲಿ ಅಜ್ಞಾನದಿಂದ ಜೀವ ಹೋಗುವುದು ನಿಂತಿಲ್ಲವೆಂಬುದು ವಿಷಾದದ ಸಂಗತಿ. ಇಂಥ ಜೊಲ್ಲು ಗಾಯಕ್ಕೆ ತಾಗಿದರೆ ಅಥವಾ ನಾಯಿ ಕಚ್ಚಿದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಎಣ್ಣೆ ಹಚ್ಚಬಾರದು. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಎಲ್ಲ ಚುಚ್ಚುಮದ್ದುಗಳನ್ನು ಒಂದೂ ಬಿಡದಂತೆ ಹಾಕಿಸಿಕೊಳ್ಳಬೇಕು. ಅಲ್ಲಿ ಈ ಲಸಿಕೆ ಉಚಿತ.

ಆದಕಾರಣ ಹಲ್ಲಿನ ಆರೈಕೆಗೆ ತೊಡಗುವ ಮೊದಲ ನಿಯಮವಿದು: ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ವೈದ್ಯರ ಸೂಚನೆಯಂತೆ ವರ್ಷವರ್ಷವೂ ಹಾಕಿಸುತ್ತಿರುವ ಸ್ವಂತ ನಾಯಿಯ ಬಾಯಿಗೆ ಮಾತ್ರ ಕೈ ಹಾಕಬೇಕು. ಬೀದಿಯ ನಾಯಿಯ ಬಾಯಿಗೆ, ಅಪರಿಚಿತ ನಾಯಿಯ ಬಾಯಿಗೆ ಕೈ ಸಲ್ಲದು. ಹಲ್ಲು ತಿಕ್ಕುವ ಕೆಲಸವನ್ನು ಸಣ್ಣ ಮಕ್ಕಳಿಗೆ ಒಪ್ಪಿಸಬಾರದು.

ವೈದ್ಯರಲ್ಲಿಗೆ ಯಾವಾಗ?

ಕೆಳಗಿನ ಯಾವ ಚಿಹ್ನೆ ಕಂಡರೂ ತಡಮಾಡಬಾರದು. ಬಾಯಿಯ ದುರ್ವಾಸನೆ ಹೆಚ್ಚುವುದು, ವಸಡಿನ ಅಂಚಿಗೆ ಕೆಂಪುಗೆರೆ ಮೂಡುವುದು, ರಕ್ತ ಬರುವುದು, ಹಲ್ಲು ಅಲುಗಾಡುವುದು, ತಿನ್ನುವಾಗ ಕೂಳು ಉದುರುವುದು, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುವುದು. ಕಣ್ಣಿನ ಕೆಳಗೆ ಕೆನ್ನೆ ಊದಿದರೆ ಬಹಳ ಜನ ಚೇಳು ಕಡಿಯಿತೆಂದೋ ಮುಳ್ಳು ಚುಚ್ಚಿತೆಂದೋ ತಿಳಿಯುತ್ತಾರೆ. ಅನೇಕ ವೇಳೆ ಅದು ಮೇಲ್ದವಡೆಯ ಹಿಂದಿನ ದೊಡ್ಡ ಹಲ್ಲಿನ ಬೇರಿಗೆ ಕೀವು ತುಂಬಿದ ಗುರುತು.

ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ದನಗಳಿಗಾಗಿ ಮಾತ್ರ ಆ ಆಸ್ಪತ್ರೆಯೆಂಬ ಸಂಕೋಚ ಬೇಡ, ನಾಯಿ ಬೆಕ್ಕುಗಳನ್ನೂ ಕರೆದೊಯ್ಯಬಹುದು. ಪಶುಚಿಕಿತ್ಸೆಯ ಸಂಚಾರಿ ವಾಹನಕ್ಕಾಗಿ 1962 ಸಂಖ್ಯೆಗೆ ಕರೆ ಮಾಡಬಹುದು. ಇಲ್ಲಿ ಆಗದ ದೊಡ್ಡ ಚಿಕಿತ್ಸೆಗೆ ಬೀದರಿನ ಪಶುವೈದ್ಯಕೀಯ ಮಹಾವಿದ್ಯಾಲಯವು ನಮಗೆ ಬಹಳ ದೂರವೇನಲ್ಲ. ಅಲ್ಲಿಗೆ ಹೋಗುವ ಅಗತ್ಯವಿದೆಯೇ ಎಂಬುದನ್ನು ತಾಲ್ಲೂಕಿನ ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಸೋಮವಾರದ ಕಟ್ಟಳೆ

ಸೋಮವಾರ ಎತ್ತಿನ ಹೆಗಲ ಮೇಲೆ ನೊಗವಿಡಬಾರದೆಂಬ ಕಟ್ಟಳೆ ನಮ್ಮ ಕಡೆಯ ಅನೇಕ ಒಕ್ಕಲು ಮನೆಗಳಲ್ಲಿ ಇಂದಿಗೂ ಇದೆ. ದುಡಿಯುವ ಜೀವಕ್ಕೆ ವಾರಕ್ಕೊಂದು ದಿನ ವಿಶ್ರಾಂತಿ ಬೇಕೆಂಬುದನ್ನು ಹಿರಿಯರು ಭಕ್ತಿಯೊಡನೆ ಬೆಸೆದು ಉಳಿಸಿಕೊಟ್ಟರು. ಆ ಕಟ್ಟಳೆಗೆ ಇನ್ನೊಂದು ಸಣ್ಣ ಕೆಲಸವನ್ನು ಸೇರಿಸಬಾರದೇಕೆ? ನಾಯಿಯ ಹಲ್ಲು ತಿಕ್ಕುವುದು ನಿತ್ಯದ ಕೆಲಸವಾಗಿರಲಿ. ಸೋಮವಾರದ ಮುಂಜಾನೆ ಎತ್ತಿನ ಮೈ ತೊಳೆಯುವಾಗ ಅದರ ತುಟಿ ಸರಿಸಿ ನೋಡುವುದು, ನಾಯಿಯ ತುಟಿ ಎತ್ತಿ ಎರಡೂ ಮಗ್ಗುಲಿನ ವಸಡು ನೋಡುವುದು, ಬೆಕ್ಕು ತಿನ್ನುವ ಬಗೆಯನ್ನು ಒಮ್ಮೆ ಗಮನಿಸುವುದು ವಾರದ ನೇಮವಾಗಲಿ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಮನೆಯ ಹಿರಿಯರು ಎತ್ತಿನ ಹಲ್ಲು ನೋಡುವ ವಿದ್ಯೆಯನ್ನು ಮೊಮ್ಮಕ್ಕಳಿಗೆ ಹೇಳಿಕೊಡಲಿ. ಶಾಲೆಯಲ್ಲಿ ಕಲಿತ ಮೊಮ್ಮಕ್ಕಳು ನಾಯಿಯ ಹಲ್ಲು 42 ಎಂದು ಅವರಿಗೆ ಎಣಿಸಿ ಹೇಳಲಿ.

ನಮ್ಮ ಮನೆಯ ಅನ್ನವುಂಡು ನಮ್ಮ ಬಾಗಿಲು ಕಾಯುವ, ನಮ್ಮ ಹೊಲ ಉಳುವ ಜೀವಗಳು ನೋವಿಲ್ಲದೆ ಅಗಿದು ಉಣ್ಣುವಂತಾದರೆ ಅದೂ ದಾಸೋಹವೇ.